ಬೆಳ್ಳಿ ಚೊಂಬಿನ ಕಷಾಯ

ಆಗ ನನಗೆ ಅರವತ್ತೇಳು. ಮೂರು ವರ್ಷದ ಹಿಂದಿನ ಮಾತು. ಗುಳೇದಗುಡ್ಡದಿಂದ ಬಸ್ಸಿನಲ್ಲಿ ಬಂದು, ಬೆಂಗಳೂರಿನ ಬಿಟಿಎಂ ಲೇಔಟಿನಲ್ಲಿ ಒಂದು ಮನೆಯ ಮೂರನೇ ಮಹಡಿ ಹತ್ತಿ, ಗಾಳಿ ಬರಲೆಂದು ಕಿಟಕಿ ತೆರೆದೆ. ಎದುರಿಗೆ ಒಬ್ಬ ಗಂಡಸು ಹಲ್ಲುಜ್ಜುತ್ತಿದ್ದ. ಅವನು ಅವನ ಮನೆಯಲ್ಲಿ, ನಾನು ನಮ್ಮ ಮನೆಯಲ್ಲಿ. ನಡುವೆ ಒಂದು ತೋಳಿನಷ್ಟು ಜಾಗ. ಕೈ ಚಾಚಿದ್ದರೆ ಅವನ ಬಾಯಿಯ ನೊರೆ ಒರೆಸಬಹುದಿತ್ತು. ಅವನು ನನ್ನನ್ನು ನೋಡಿದ, ಉಗುಳಿದ, ಪರದೆ ಎಳೆದುಕೊಂಡ. ನಮ್ಮೂರಿನಲ್ಲಿ ಅಷ್ಟು ಹತ್ತಿರ ಮುಖ ಕಂಡರೆ ವೈರಿಯೂ "ಚಾ ಆತೇನ್ರಿ" ಎಂದು ಕೇಳುತ್ತಾನೆ.

ಡಾಕ್ಟರು ನನಗೆ ಹೇಳಿ ಕಳಿಸಿದ್ದು ಎರಡೇ ಮಾತು. ಗುಳಿಗೆ ಬಿಡಬೇಡ, ಕಿಟಕಿ ಮುಚ್ಚಬೇಡ. ಕಿಟಕಿ ತೆರೆದರೆ ಬರುವುದು ಎದುರು ಮನೆಯ ಒಗ್ಗರಣೆಯ ಹೊಗೆ. ಅದನ್ನೇ ಗಾಳಿ ಎಂದುಕೊಂಡು, ಒಂದೂವರೆ ವರ್ಷದ ಗುಳಿಗೆಯಲ್ಲಿ ಹತ್ತಿರ ಹತ್ತಿರ ಒಂದು ವರ್ಷದ್ದನ್ನು ಅಲ್ಲೇ ತಿಂದೆ.

ಊರಿನವರು ನೀವೆಲ್ಲ ಫೋನು ಮಾಡಿದಾಗೆಲ್ಲ ಕೇಳುತ್ತೀರಿ, ಬೆಂಗಳೂರು ಹೆಂಗೈತಿ ಎಂದು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಮೂರನೇ ಇಯತ್ತೆ ಓದಿದವಳು. ಒತ್ತಕ್ಷರ ತಪ್ಪಿದಲ್ಲಿ ನನ್ನ ಮೊಮ್ಮಗಳು ಪವಿತ್ರಾ ತಿದ್ದಿದ್ದಾಳೆ. ಮಾತು ತಿದ್ದಲು ನಾನು ಬಿಟ್ಟಿಲ್ಲ.

ನನಗೆ ಬಂದದ್ದು ಕ್ಷಯ. ನಮ್ಮ ಕಡೆ ಆ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ, "ಆ ಕೆಮ್ಮು" ಎನ್ನುತ್ತಾರೆ. ಮೊದಲು ನನ್ನ ಗಂಡನಿಗೆ ಬಂತು. ಅವನು ಕೆಮ್ಮು ಸ್ವಲ್ಪ ತಗ್ಗಿದರೆ ಸಾಕು, ಗುಳಿಗೆ ಚೀಲ ಗೂಟಕ್ಕೆ ಹಾಕಿ ಮಗ್ಗದ ಕುಣಿಗೆ ಇಳಿಯುತ್ತಿದ್ದ. ಮತ್ತೆ ಕೆಮ್ಮು ಬಂದರೆ ಮತ್ತೆ ಚೀಲ. ಹೀಗೆ ಬಿಟ್ಟು ಬಿಟ್ಟು ತಿಂದರೆ ಒಳಗಿನ ಹುಳ ಸಾಯುವುದಿಲ್ಲ, ಗುಳಿಗೆಗೆ ಪಳಗುತ್ತದೆ. ಪಳಗಿದ ಹುಳ ನನಗೆ ಬಿಟ್ಟು ಅವನು ಹೋದ. ಸಾದಾ ಗುಳಿಗೆ ನನಗೆ ನಾಟಲಿಲ್ಲ. ದೊಡ್ಡ ಗುಳಿಗೆಗಳೇ ಬೇಕು, ಅದೂ ಬಹಳ ಕಾಲ, ಎಂದರು ಡಾಕ್ಟರು. ಮಗಳ ಮನೆಯವರು ಅದನ್ನು ಕೇಳಿ ನನ್ನ ತಾಟು ಬೇರೆ ಇಟ್ಟರು, ಆಮೇಲೆ ಹಾಸಿಗೆ ಬೇರೆ ಹಾಕಿದರು, ಆಮೇಲೆ ಹಿತ್ತಲ ಕೋಣೆ ತೋರಿಸಿದರು. ಮಗಳ ಮಗಳು ಪವಿ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದವಳು ಬಂದು, "ಆಯಿ, ನನ್ನ ಕಡೆ ಬಾ" ಎಂದಳು. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುವುದು ನಿಮಗೆ ಗೊತ್ತು, ಇಲ್ಲಿಯವರಿಗೆ ಗೊತ್ತಿಲ್ಲ.

ಬೆಂಗಳೂರಿನಲ್ಲಿ ಟಿಬಿ ಇದೆ ಎಂದರೆ ಮನೆ ಕೊಡುವುದಿಲ್ಲ. ಹಾಗಾಗಿ ನಮ್ಮಜ್ಜಿಗೆ ಧೂಳಿನ ಅಲರ್ಜಿ ಎಂದು ಪವಿ ಹೇಳಿದಳು. ಕೊರೋನಾ ಬಂದು ಹೋದ ಮೇಲೆ ಮಾಸ್ಕ್ ಹಾಕಿದ ಮುದುಕಿಯನ್ನು ಯಾರೂ ತಿರುಗಿ ನೋಡುವುದಿಲ್ಲ, ಅದೊಂದು ಅನುಕೂಲವಾಯಿತು. ಆಸ್ಪತ್ರೆಯ ಆಶಾ ಕಾರ್ಯಕರ್ತೆ ಹುಡುಗಿ ಮನೆಗೆ ಬಂದರೆ ಗುಟ್ಟು ಒಡೆಯುತ್ತದೆಂದು ಪವಿಯೇ ಹೋಗಿ ಗುಳಿಗೆ ತರುತ್ತಿದ್ದಳು. ನಾನು ಮೊದಲ ಕೆಲವು ತಿಂಗಳು ಕೆಳಗೆ ಇಳಿಯಲೇ ಇಲ್ಲ. ಆಮೇಲೆ ಕಫದಲ್ಲಿ ಹುಳ ಕಾಣುತ್ತಿಲ್ಲ, ನಿನ್ನಿಂದ ಯಾರಿಗೂ ಹತ್ತುವುದಿಲ್ಲ, ಆದರೆ ಗುಳಿಗೆ ಮಾತ್ರ ಮುಗಿಸಲೇಬೇಕು ಎಂದು ಆಸ್ಪತ್ರೆಯವರು ಪವಿಯ ಕೈಯಲ್ಲಿ ಹೇಳಿ ಕಳಿಸಿದರು. ಆದರೂ ಇಳಿಯಲಿಲ್ಲ. ಒಂದು ಗುಳಿಗೆ ನನ್ನ ಮೈಯನ್ನು ಹಳೇ ತಾಮ್ರದ ಹಂಡೆಯಂತೆ ಕಪ್ಪು ಮಾಡಿತ್ತು. ಇನ್ನೊಂದು ಅಂಗಾಲು ಉರಿಸುತ್ತಿತ್ತು. ಕಂಡವರು ಕೇಳುತ್ತಾರೆ, ಕೇಳಿದವರಿಗೆ ಸುಳ್ಳು ಹೇಳಬೇಕು. ಸುಳ್ಳು ಹೇಳುವುದಕ್ಕಿಂತ ಒಳಗೆ ಕೂಡುವುದು ಸುಲಭ.

ಊರಿನಲ್ಲಿ ಹಗಲು ಬಾಗಿಲು ಹಾಕಿದರೆ ಆ ಮನೆಯಲ್ಲಿ ಯಾರೋ ಸತ್ತಿದ್ದಾರೆ ಎಂದು ಅರ್ಥ. ಇಲ್ಲಿ ಬಾಗಿಲು ತೆರೆದಿಟ್ಟರೆ ಕೆಳಗಿನಿಂದ ಕೂಗು ಬರುತ್ತದೆ. ಊರಿನಲ್ಲಿ ಮಗ್ಗ ನಿಂತರೆ ಎಚ್ಚರವಾಗುತ್ತಿತ್ತು, ಇಲ್ಲಿ ನೀರಿನ ಮೋಟರ್ ಶುರುವಾದರೆ ಎಚ್ಚರವಾಗುತ್ತದೆ. ಮೊದಲ ವಾರ ರೊಟ್ಟಿ ಬಡಿದಾಗ ಮನೆಯೊಡತಿ ಮೇಲೆ ಬಂದು, "ಏನ್ ಅಜ್ಜಿ, ಬೆಳಗ್ಗೆ ಬೆಳಗ್ಗೆನೇ ರೂಮೊಳಗೆ ಬಟ್ಟೆ ಒಗೀತಿದೀರಾ?" ಎಂದಳು. ರೊಟ್ಟಿ ತೋರಿಸಿದೆ. "ಅಯ್ಯೋ, ಇದಕ್ಕೆ ಇಷ್ಟು ಹೊಡೀಬೇಕಾ? ನಮ್ಮ ಮುದ್ದೆ ನೋಡಿ, ಸದ್ದೇ ಮಾಡಲ್ಲ" ಎಂದಳು. "ಅದಕ್ಕ ನಿಮ್ಮ ಮುದ್ದಿ ಯಾರ ಹಲ್ಲಿಗೂ ಗೊತ್ತಾಗೂದಿಲ್ಲ" ಎಂದೆ. ನಕ್ಕಳು. ಮರುದಿನದಿಂದ ಬಾಗಿಲ ಕೆಳಗೆ ಹಳೇ ಸೀರೆ ತುರುಕಿ ರೊಟ್ಟಿ ಬಡಿದೆ.

ಒಂದೇ ಒಂದು ಗೆಲುವು ನನಗಿತ್ತು. ಬಾಲ್ಕನಿಯಿಂದ ಬಕೆಟ್ಟಿಗೆ ಹಗ್ಗ ಕಟ್ಟಿ ಕೆಳಗೆ ಬಿಟ್ಟು ಸೊಪ್ಪಿನ ಗಾಡಿಯವನಿಂದ ಸೊಪ್ಪು ತರಿಸುವುದನ್ನು ಕಲಿತೆ. "ಅಜ್ಜಿ, ಒಂದಿನ ಕೆಳಗಿಳಿದು ಮುಖ ತೋರ್ಸಿ, ಬಕೆಟ್ಟಿಗೇ ನಮಸ್ಕಾರ ಹೊಡೆದು ಸಾಕಾಯ್ತು" ಎನ್ನುತ್ತಿದ್ದ. ಒಂದಿಡೀ ದಿನದಲ್ಲಿ ಪವಿಯನ್ನು ಬಿಟ್ಟು ನನ್ನೊಂದಿಗೆ ಮಾತಾಡಿದವನು ಅವನೊಬ್ಬನೇ ಎಂಬ ದಿನಗಳೂ ಇದ್ದವು.

ಮನೆಯೊಡತಿಯ ಹೆಸರು ಜಯಮ್ಮ. ಈ ಲೇಔಟ್ ಆಗುವ ಮೊದಲು ಇಲ್ಲಿ ಹಳ್ಳಿಯಿತ್ತಂತೆ, ಅವರ ಮಾವ ಇದೇ ನೆಲದಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಈಗ ಬಾಡಿಗೆದಾರರನ್ನು ಬೆಳೆಯುತ್ತಾರೆ. ಆಕೆಗೂ ನನಗೂ ನಾಲ್ಕೈದು ವರ್ಷದ ಫರಕು. ಆದರೆ ನಾನು ಅಜ್ಜಿ, ಆಕೆ ಆಂಟಿ. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟುವವರಿಗೆ ಬೇಗ ವಯಸ್ಸಾಗುತ್ತದೆ. ಕೆಟ್ಟವಳಲ್ಲ. ಬಸ್ಸಾರು ಮಾಡಿದ ದಿನ, ಎಂದರೆ ಬೇಯಿಸಿದ ಸೊಪ್ಪು ಬಸಿದ ನೀರಿನಲ್ಲೇ ಮಾಡುವ ಸಾರು, ಒಂದು ಬಟ್ಟಲು ಮೆಟ್ಟಿಲ ಮೇಲೆ ಇಟ್ಟು ಕೂಗುತ್ತಿದ್ದಳು. ಮನೆಯ ಮುಂದೆ ಒಂದು ನುಗ್ಗೆ ಮರ ಉಳಿಸಿಕೊಂಡಿದ್ದಳು. ಹೊಲದಿಂದ ಉಳಿದದ್ದು ಅದೊಂದೇ.

ಆ ಮರದಿಂದಲೇ ಎಲ್ಲ ಶುರುವಾಯಿತು.

ಪವಿ ಲ್ಯಾಬಿನಲ್ಲಿ ಮಾಡುವುದು ಬೆಳ್ಳಿಯ ಕೆಲಸ. ಚಿನಿವಾರರ ಬೆಳ್ಳಿಯಲ್ಲ. ಬೆಳ್ಳಿಯ ಉಪ್ಪನ್ನು ನೀರಿನಲ್ಲಿ ಕರಗಿಸಿ, ಅದಕ್ಕೆ ಎಲೆಯ ಕಷಾಯ ಹಾಕುತ್ತಾಳೆ. ಎಲೆಯ ಸತ್ವಕ್ಕೆ ಬೆಳ್ಳಿ ಕಣಕಣವಾಗಿ ಒಡಮೂಡುತ್ತದೆ. ಎಷ್ಟು ಸಣ್ಣ ಕಣವೆಂದರೆ, ಸಾವಿರ ಕಣ ಸಾಲಾಗಿ ನಿಂತರೂ ಒಂದು ಕೂದಲಿನ ದಪ್ಪ ಆಗುವುದಿಲ್ಲವಂತೆ. ಅದಕ್ಕೆ ನ್ಯಾನೋ ಎನ್ನುತ್ತಾರೆ. ತಿಳಿ ನೀರು ಹಳದಿಯಾಗಿ ಆಮೇಲೆ ಕಂದಾದರೆ ಕಣ ಹುಟ್ಟಿತು ಎಂದು ಲೆಕ್ಕ. ಫೋನಿನಲ್ಲಿ ತೋರಿಸಿದಳು. ಬೆಲ್ಲದ ಪಾನಕದ ಹಾಗಿತ್ತು.

"ಇದು ನನ್ನ ಹುಳಾನ ಕೊಲ್ತೈತೇನು?" ಎಂದು ಕೇಳಿದೆ.

"ಆ ಹುಳಕ್ಕ ಮೈ ಮ್ಯಾಲ ಮೇಣದ ಅಂಗಿ ಇರ್ತೈತಿ ಆಯಿ. ಗುಳಿಗಿ ಒಳಗ ಹೋಗಾಕ ಬಿಡೂದಿಲ್ಲ. ಬೆಳ್ಳಿ ಕಣ ಆ ಅಂಗಿ ಹರೀತಾವ. ಹಳೇ ಗುಳಿಗಿ ಜೋಡಿ ಹಾಕಿದ್ರ, ನಾಟದ ಗುಳಿಗೀನೂ ಒಮ್ಮೊಮ್ಮೆ ನಾಟ್ತೈತಿ."

"ಹಂಗಿದ್ರ ನನಗ್ಯಾಕ ಕೊಡವಲ್ರು?"

"ಗಾಜಿನ ಬಾಟ್ಲಿಯೊಳಗ ಕೊಲ್ಲೂದು ಬ್ಯಾರೆ, ಮನುಷ್ಯಾರ ಮೈಯೊಳಗ ಬ್ಯಾರೆ. ಬೆಳ್ಳಿಗಿ ಹುಳ ಯಾವ್ದು, ನಿನ್ನ ಯಕೃತ್ತು ಯಾವ್ದು ಗೊತ್ತಾಗೂದಿಲ್ಲ. ಎರಡೂ ಸುಡ್ತೈತಿ. ಅದೂ ಅಲ್ದ, ಹುಳ ನಮ್ಮ ಜೀವಕೋಶದೊಳಗೇ ಮನಿ ಮಾಡಿ ಕುಂತಿರ್ತೈತಿ. ಹುಳ ಹೊರಗ ಹಾಕಾಕ ಹೋಗಿ ಮನೀನ ಕೆಡವಿದ್ರ ಹೆಂಗ?"

ಆ ಮಾತು ನನಗೆ ಸರಿಯಾಗಿ ತಿಳಿಯಿತು. ಬಾಡಿಗೆ ಮನೆಯಲ್ಲಿದ್ದವರಿಗೆ ತಿಳಿಯುವ ಮಾತು ಅದು.

ಪಳಗಿದ ಕ್ಷಯದ ಹುಳವನ್ನು ಅವಳ ಲ್ಯಾಬಿನಲ್ಲಿ ಮುಟ್ಟುವ ಹಾಗಿಲ್ಲ. ಅದಕ್ಕೆ ಬೇರೆ ಕಡೆ ಬಿಗಿ ಬಂದೋಬಸ್ತಿನ ಕೋಣೆ ಇದೆ. ಅವಳು ಅದರ ಬಳಗದ ಸಾಧು ಹುಳದ ಮೇಲೆ ಮೊದಲು ನೋಡಿ, ಆಮೇಲೆ ಬಾಟಲಿ ಅಲ್ಲಿಗೆ ಕಳಿಸಿ ಕಾಯಬೇಕು. ಅದು ಬೆಳೆಯುವುದಕ್ಕೇ ವಾರಗಟ್ಟಲೆ ಹಿಡಿಯುತ್ತದೆ. ಅವಳೂ ಕಾಯುತ್ತಿದ್ದಳು, ನಾನೂ ಕಾಯುತ್ತಿದ್ದೆ. ಮೊದಮೊದಲು ಗಾಡಿಯ ನುಗ್ಗೆ ಸೊಪ್ಪನ್ನು ನಾನೇ ಬಿಡಿಸಿ ಕೊಡುತ್ತಿದ್ದೆ. ಒಂದೊಂದು ಸಲ ಒಂದೊಂದು ಮರದ ಎಲೆ ಬಂದು ಕಣ ಸಮ ಬರಲಿಲ್ಲ, ಕಪ್ಪಗೆ ತಳಕ್ಕಿಳಿದವು. ಒಂದೇ ಮರದ ಎಲೆ ಬೇಕು ಎಂದು ಪವಿ ಜಯಮ್ಮನನ್ನು ಕೇಳಿದಳು.

"ಯಾತಕ್ಕಮ್ಮ ಸೊಪ್ಪು? ಪಲ್ಯಕ್ಕಾ?"

"ಇಲ್ಲ ಆಂಟಿ, ಬೆಳ್ಳಿ ಜೊತೆ ಸೇರಿಸಿ ಎದೆ ರೋಗದ ಹುಳ ಸಾಯುತ್ತಾ ನೋಡ್ತೀವಿ."

ಪವಿ ಹೇಳಿದ್ದು ಇಷ್ಟೇ. ಜಯಮ್ಮ ಅದನ್ನು ಬೀದಿಗೆಲ್ಲ ಹೇಳಿದಳು. "ನಮ್ಮ ಮರದ ಸೊಪ್ಪಲ್ಲಿ ಔಷಧಿ ಮಾಡ್ತಾಳಂತೆ ನಮ್ಮ ಮೇಲ್ಮನೆ ಹುಡುಗಿ. ಬೆಳ್ಳಿ ಹಾಕಿ." ನಾನು ಬಾಲ್ಕನಿಯಿಂದ ಕೇಳಿ ನಗುತ್ತಿದ್ದೆ.

ಶ್ರಾವಣ ಬಂತು. ಇಲ್ಲಿ ವರಮಹಾಲಕ್ಷ್ಮಿ ಹಬ್ಬ ದೊಡ್ಡದು. ನಮ್ಮ ಕಡೆ ಶ್ರಾವಣವೆಂದರೆ ಪಂಚಮಿಯ ಉಂಡಿ, ಜೋಕಾಲಿ. ಇಲ್ಲಿ ಬೆಳ್ಳಿ ಚೊಂಬಿಗೆ ತೆಂಗಿನಕಾಯಿ ಇಟ್ಟು, ಸೀರೆ ಉಡಿಸಿ, ದೇವಿ ಮಾಡಿ ಕೂರಿಸುತ್ತಾರೆ. ಹಬ್ಬ ಮುಗಿದ ಮೇಲೆ ಚೊಂಬಿನ ನೀರನ್ನು ಮನೆಯವರು ತೀರ್ಥವೆಂದು ಕುಡಿಯುತ್ತಾರೆ. ಜಯಮ್ಮನ ಚೊಂಬು ದೊಡ್ಡದು, ಹೊಲ ಮಾರಿದ ವರ್ಷ ಮಾಡಿಸಿದ್ದು. ಆಕೆ ಈ ಸಲ ಚೊಂಬನ್ನು ಬೀರುವಿಗೆ ಸೇರಿಸಲಿಲ್ಲ. ನುಗ್ಗೆ ಸೊಪ್ಪು ಕುದಿಸಿ, ಸೋಸಿ, ಸಂಜೆ ಆ ಚೊಂಬಿಗೆ ಸುರಿದು, ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಕುಡಿಯತೊಡಗಿದಳು. ಏಕೆಂದರೆ ಆಕೆಗೆ ಕೆಮ್ಮು ಶುರುವಾಗಿತ್ತು.

ಕಷಾಯ ರಾತ್ರಿ ಕಳೆಯುವಷ್ಟರಲ್ಲಿ ಕಂದಾಗುತ್ತಿತ್ತು. ನುಗ್ಗೆ ಕಷಾಯ ಎಲ್ಲಿಟ್ಟರೂ ಕಂದಾಗುತ್ತದೆ. ಆದರೆ ಸೊಪ್ಪು ಒಯ್ಯುವಾಗ ಒಮ್ಮೆ ಪವಿ ಆಕೆಗೂ ಫೋನಿನಲ್ಲಿ ತೋರಿಸಿದ್ದ ಬಣ್ಣ ಆಕೆಯ ತಲೆಯಲ್ಲಿತ್ತು. "ನೋಡು, ಥೇಟ್ ನಿಂದೇ ಬಣ್ಣ" ಎಂದು ಪವಿಗೆ ಲೋಟ ಹಿಡಿದು ತೋರಿಸಿದಳು. ಚೊಂಬಿನ ಬೆಳ್ಳಿ ಹೀಗೆ ಕಣವಾಗಿ ಬಿಡುವುದಿಲ್ಲ ಆಂಟಿ, ಬಿಟ್ಟರೂ ಕುಡಿಯುವ ವಸ್ತುವಲ್ಲ, ಎಂದು ಪವಿ ಹೇಳಿದಳು. "ದೇವಿ ಚೊಂಬು ಕಣಮ್ಮ ಅದು. ನಿಮ್ಮ ಲ್ಯಾಬಿನ ಬಾಟ್ಲು ಪೂಜೆ ಮಾಡಿದೀರಾ?" ಎಂದು ಬಂತು ಉತ್ತರ.

ನಾನು ಕೆಮ್ಮನ್ನು ಮೇಲಿನಿಂದ ಕೇಳುತ್ತಿದ್ದೆ. ಮೊದಲು ಒಣ ಕೆಮ್ಮು. ಆಮೇಲೆ ಒದ್ದೆ. ಸಂಜೆ ಹೊತ್ತಿಗೆ ಆಕೆ ಶಾಲು ಹೊದ್ದು ಗೇಟಿನ ಬಳಿ ಕೂತಿರುತ್ತಿದ್ದಳು, ಸೆಕೆಯಲ್ಲೂ. ನವರಾತ್ರಿಯ ಹೊತ್ತಿಗೆ ರವಿಕೆಯ ಬದಿಯನ್ನು ಪಿನ್ನು ಹಾಕಿ ಬಿಗಿ ಮಾಡಿದ್ದಳು. ನಾನು ಹುಟ್ಟಿದ್ದು ರವಿಕೆಯ ಖಣ ನೇಯುವವರ ಮನೆಯಲ್ಲಿ. ರವಿಕೆ ಸಡಿಲವಾಗುವುದಕ್ಕೆ ಎರಡೇ ಕಾರಣ, ಬಟ್ಟೆ ಜಗ್ಗುತ್ತದೆ ಇಲ್ಲ ಮೈ ಇಳಿಯುತ್ತದೆ. ಜಯಮ್ಮನದು ಹೊಸ ಬಟ್ಟೆ.

ಪವಿಗೆ ಹೇಳಿದೆ. ಅವಳು ಕೆಳಗೆ ಹೋಗಿ, "ಆಂಟಿ, ಕೆಮ್ಮು ಬಹಳ ದಿನ ಆಯ್ತು, ಕಫ ಟೆಸ್ಟ್ ಮಾಡಿಸಿ, ಫ್ರೀಯಾಗಿ ಮಾಡ್ತಾರೆ" ಎಂದಳು. ಜಯಮ್ಮನ ಮುಖ ಬಿಗಿಯಿತು. "ಕಫ ಟೆಸ್ಟ್ ಅಂದ್ರೆ ಏನಕ್ಕೆ ಅಂತ ನಂಗೂ ಗೊತ್ತು. ಮಗಳಿಗೆ ಗಂಡು ನೋಡ್ತಿದೀವಿ. ಇನ್ನೊಂದ್ ಸಲ ಈ ಮಾತು ನಮ್ಮ ಹೊಸಿಲಲ್ಲಿ ಆಡ್ಬೇಡ" ಎಂದಳು. ಮರುದಿನ ಚೊಂಬಿನ ಕಷಾಯ ಎರಡು ಹೊತ್ತು ಆಯಿತು.

ಪವಿ ಮೇಲೆ ಬಂದು ಗೋಡೆಗೆ ಒರಗಿ ಕೂತಳು. "ನಾ ಬೆಳ್ಳಿ ಬಗ್ಗೆ ಬಾಯಿ ಬಿಡಬಾರದಿತ್ತು."

"ನೀ ಬಿಡದಿದ್ರ ಆಕಿ ಬ್ಯಾರೆ ಏನರ ಕುಡೀತಿದ್ಲು" ಎಂದೆ. "ನಾ ಹೇಳ್ತೇನಿ ಆಕಿಗೆ."

"ಏನಂತ?"

"ನನಗೈತಿ ಅಂತ."

"ಆಯಿ, ಮನಿ ಹೋಗ್ತದ. ನಿನ್ನ ಗುಳಿಗಿ ಇನ್ನೂ ಮುಗಿದಿಲ್ಲ. ಇಂಥಾ ಮೈ ಬಣ್ಣ ಇಟ್ಕೊಂಡು ಯಾರು ಮನಿ ಕೊಡ್ತಾರ ನಮಗ? ಊರಿಗಿ ಹೋದ್ರ ಹಿತ್ತಲ ಕ್ವಾಣಿ. ಅಲ್ಲಿ ನಡುವ ಗುಳಿಗಿ ತಪ್ಪಿದ್ರ ಮುಂದ ಕೊಡಾಕ ಬ್ಯಾರೆ ಗುಳಿಗೀನ ಇಲ್ಲ."

ಅವಳು ಹೇಳಿದ್ದೆಲ್ಲ ನಿಜ. ಈ ರೂಮಿನಿಂದ ಹೊರಬೀಳಬೇಕು ಎಂದು ಹಗಲೆಲ್ಲ ಕಿಟಕಿಯ ಸರಳು ಹಿಡಿದು ಕೂತಿರುತ್ತಿದ್ದವಳು ನಾನೇ. ಈಗ ಒಂದು ಮಾತಿಗೆ ಹೊರಬೀಳಬಹುದು, ಆದರೆ ಹೋಗಲು ಜಾಗವಿಲ್ಲ. ಕೆಳಗೆ ಕೆಮ್ಮು, ಮೇಲೆ ಸುಳ್ಳು. ಇನ್ನೊಂದು ಮಾತೂ ನನ್ನ ಎದೆಯಲ್ಲಿತ್ತು, ಪವಿಯೂ ಅದನ್ನು ಆಡಲಿಲ್ಲ. ಜಯಮ್ಮನ ಕೆಮ್ಮು ನನ್ನದೇ ಇರಬಹುದೇ? ಬಂದ ಹೊಸದರಲ್ಲಿ ಆಕೆ ನನ್ನ ರೊಟ್ಟಿ ನೋಡಲು ಒಳಗೆ ಬಂದು ನಿಂತಿದ್ದಳು.

ಆ ಸಂಜೆ ಜಯಮ್ಮ ತಾರಸಿಗೆ ಒಣಗಿದ ಬಟ್ಟೆ ತೆಗೆಯಲು ಬಂದಳು. ನಾನೂ ಅಲ್ಲೇ ಇದ್ದೆ. ಆಕೆಯ ಕೈಯಲ್ಲಿ ಲೋಟ ಇತ್ತು.

"ತಗೊಳ್ಳಿ ಅಜ್ಜಿ, ನೀವೂ ಕುಡೀರಿ. ನಿಮ್ಮ ಧೂಳಿನ ಅಲರ್ಜಿಗೂ ಆಗುತ್ತೆ. ನೋಡಿ, ಮೈಯೆಲ್ಲಾ ಹೆಂಗೆ ಕಪ್ಪಾಗಿದೆ."

"ಅದು ಅಲರ್ಜಿ ಅಲ್ರಿ. ಗುಳಿಗಿ ಬಣ್ಣ. ನನಗ ಟಿಬಿ ಐತಿ, ಸಾದಾ ಗುಳಿಗಿ ನಾಟಲಾರದ್ದು. ನಿಮ್ಮ ಮನಿಗಿ ಬರೂಕಿಂತ ಮೊದಲಿಂದೂ ಐತಿ."

ಆಕೆ ಲೋಟ ಪ್ಯಾರಾಪೆಟ್ಟಿನ ಮೇಲಿಟ್ಟು ಸೆರಗು ಮೂಗಿಗೆ ಹಿಡಿದಳು. ಹಿಂದೆ ಹಿಂದೆ ಸರಿದು ನೀರಿನ ಟ್ಯಾಂಕಿಗೆ ಬೆನ್ನು ತಾಗಿತು.

"ಇಷ್ಟು ದಿನ ನಮ್ಮನೇಲೇ ಇಟ್ಕೊಂಡಿದ್ರಾ ಅದನ್ನ?"

"ಹೂಂ."

"ನನಗೆ ನಿಮ್ಮಿಂದ್ಲೇ ಬಂತಾ?"

"ಗೊತ್ತಿಲ್ರಿ. ಬಂದಿರಬಹುದು, ಬರದೆ ಇರಬಹುದು. ಕಫಾ ಕೊಟ್ರ ಗೊತ್ತಾಗ್ತೈತಿ."

"ನನಗೇನೂ ಇಲ್ಲ. ಬೆಳ್ಳಿ ಕಷಾಯ ಕುಡೀತಿದೀನಿ, ಕಡಿಮೆ ಆಗ್ತಿದೆ."

"ಪಿನ್ನು ಎಷ್ಟನೇ ಸಲ ಒಳಗ ಸರಿಸೀರಿ ರವಿಕಿಗಿ?"

ಆಕೆ ರವಿಕೆಯ ಬದಿಗೆ ಕೈ ಒಯ್ದಳು. ನಾನು ನನ್ನ ತೋಳು ಚಾಚಿ ತೋರಿಸಿದೆ. "ನಾ ನೋಡ್ರಿ. ಒಂದ್ ವರ್ಷದ ಹತ್ರ ಬಂತು ಗುಳಿಗಿ ತಿನ್ನಾಕತ್ತು. ಕರ್ರಗಾಗೀನಿ, ಕಾಲ ಉರೀತಾವ, ಆದ್ರ ಬದುಕೀನಿ. ನನ್ನ ಗಂಡ ಕಷಾಯ ಕುಡದ, ತಾಯತ ಕಟ್ಟಿದ, ಗುಳಿಗಿ ಬಿಟ್ಟು ಬಿಟ್ಟು ತಿಂದ. ಅವನಿಲ್ಲ. ನನ್ನ ಮೊಮ್ಮಗಳು ಬೆಳ್ಳಿ ಕೆಲಸಾನ ಮಾಡ್ತಾಳ. ಅದು ಕೂಸಿನ್ನೂ. ನಡಿಯಾಕ ಕಲಿತಿಲ್ಲ. ಅದರ ಹೆಗಲ ಮ್ಯಾಲ ಕುಂದರಾಕ ಹೋಗಬ್ಯಾಡ್ರಿ."

"ಮನೆ ಖಾಲಿ ಮಾಡಿ" ಎಂದಳು ಜಯಮ್ಮ.

"ಮಾಡ್ತೇವ್ರಿ. ನೀವು ಕಫಾ ಕೊಟ್ಟು ಬರ್ರಿ, ಮನಿ ಖಾಲಿ ಮಾಡ್ತೇವಿ. ಕೊಡೂತನಕ ನಾ ಕದಲೂದಿಲ್ಲ. ಪೊಲೀಸರನ್ನ ಕರೀರಿ, ಅವರಿಗೂ ಇದನ್ನ ಹೇಳ್ತೇನಿ."

ಆಕೆ ಬಟ್ಟೆಯನ್ನು ತಂತಿಯ ಮೇಲೇ ಬಿಟ್ಟು ಇಳಿದು ಹೋದಳು. ಲೋಟ ಅಲ್ಲೇ ಉಳಿಯಿತು. ಕಷಾಯವನ್ನು ಚೆಲ್ಲಿ, ಲೋಟ ತೊಳೆದು ಮೆಟ್ಟಿಲ ಮೇಲಿಟ್ಟೆ. ಪವಿ ಪೆಟ್ಟಿಗೆ ಎಳೆದು ಬಟ್ಟೆ ಮಡಚತೊಡಗಿದಳು.

ಮುಂದೆ ಏನಾಯಿತೆಂದು ಈಗಲೇ ಹೇಳಿಬಿಡುತ್ತೇನೆ, ಕಾಯಿಸಿ ಏನು ಮಾಡುವುದು. ಜಯಮ್ಮನ ಕಫದಲ್ಲಿ ಹುಳ ಸಿಕ್ಕಿತು. ಸಾದಾ ಹುಳ, ಆರು ತಿಂಗಳ ಗುಳಿಗೆಯದು. ನನ್ನ ಹುಳವಾಗಿದ್ದರೆ ಆ ಗುಳಿಗೆಗೆ ಬಗ್ಗುತ್ತಿರಲಿಲ್ಲ. ಎಲ್ಲಿಂದ ಬಂತೋ, ಬಸ್ಸಿನಿಂದಲೋ ಮದುವೆ ಮನೆಯಿಂದಲೋ. ಅದು ಗೊತ್ತಾದ ಮೇಲೂ ಆಕೆ ಮನೆ ಖಾಲಿ ಮಾಡಿಸಿದಳು. ಮಾತು ಮಾತೇ. ನಾವು ಕೋಣನಕುಂಟೆಗೆ ಬಂದೆವು. ಇಲ್ಲಿ ಪವಿ ಮೊದಲೇ ನಿಜ ಹೇಳಿದಳು. ನಾಲ್ಕು ಮನೆಯವರು ಬಾಗಿಲು ಹಾಕಿದರು, ಐದನೆಯವರು ತೆರೆದರು. ಜಯಮ್ಮ ಗುಳಿಗೆ ಮುಗಿಯುವವರೆಗೆ ಆಗಾಗ ಫೋನು ಮಾಡುತ್ತಿದ್ದಳು. "ಅಜ್ಜಿ, ಮೂತ್ರ ಕೆಂಪಗೆ ಬರ್ತಿದೆ, ಮಾತ್ರೆ ನಿಲ್ಸಿಬಿಡ್ಲಾ?" "ಕೆಂಪ ಬಂದ್ರ ಗುಳಿಗಿ ಒಳಗ ಹೋಗೇತಿ ಅಂತ. ತಿನ್ರಿ." ಮನೆಗೆ ಬನ್ನಿ ಎಂದು ಆಕೆ ಕರೆದಿಲ್ಲ, ನಾನೂ ಕರೆದಿಲ್ಲ.

ಪವಿಯ ಬೆಳ್ಳಿ ಇನ್ನೂ ಬಾಟಲಿಯಲ್ಲೇ ಇದೆ. ಬಿಗಿ ಕೋಣೆಯಿಂದ ಬಂದ ಸುದ್ದಿ ಅರ್ಧ ಒಳ್ಳೆಯದು. ಪಳಗಿದ ಹುಳ ಕೆಲವು ಸತ್ತವು, ಜೊತೆಗೆ ಇಟ್ಟಿದ್ದ ಒಳ್ಳೆಯ ಜೀವಕೋಶಗಳೂ ಕೆಲವು ಸತ್ತವು. ಅವಳು ಮತ್ತೆ ಎಲೆ ಬದಲಿಸುತ್ತಿದ್ದಾಳೆ. ನನ್ನ ಕಾಲಕ್ಕೆ ಅದು ಗುಳಿಗೆಯಾಗುವುದಿಲ್ಲ.

ನನ್ನ ಗುಳಿಗೆ ಮುಗಿದ ಮೇಲೆ ಊರಿಗೆ ಒಮ್ಮೆ ಬಂದೆ, ನೀವೆಲ್ಲ ನೋಡಿದಿರಿ. ಬಾಗಿಲು ತೆರೆದೇ ಇತ್ತು. ಚಹಾ ಮಾತ್ರ ಬೇರೆ ಕಪ್ಪಿನಲ್ಲಿ ಬಂತು. ಇಲ್ಲಿ ಯಾರೂ ನನ್ನ ಹೆಸರು ಕೇಳುವುದಿಲ್ಲ, ಯಾರೂ ನನ್ನ ಕಪ್ಪು ಬೇರೆ ಇಡುವುದೂ ಇಲ್ಲ. ಅಲ್ಲಿ ಹೆಸರಿದೆ, ಇಲ್ಲಿ ಗುಳಿಗೆ ಇತ್ತು. ಎರಡನ್ನೂ ಒಂದೇ ಊರಲ್ಲಿ ಕೊಡುವವರು ಸಿಕ್ಕರೆ ತಿಳಿಸಿ, ಪೆಟ್ಟಿಗೆ ಕಟ್ಟುತ್ತೇನೆ.

ಆದರೆ ತಾರಸಿಯ ಜಗಳವಾದ ದಿನ ಇದ್ಯಾವುದೂ ನಮಗೆ ಗೊತ್ತಿರಲಿಲ್ಲ. ಜಯಮ್ಮನ ಮನೆಯಲ್ಲಿ ರಾತ್ರಿಯೆಲ್ಲ ದೀಪ ಉರಿಯುತ್ತಲೇ ಇತ್ತು, ಕೆಮ್ಮೂ ನಿಲ್ಲಲಿಲ್ಲ.

ಮಾರನೆಯ ಬೆಳಿಗ್ಗೆ ಎದ್ದು, ಗುಳಿಗೆ ನುಂಗಿ, ಮಾಸ್ಕ್ ಹಾಕಿಕೊಂಡೆ. ಆಸ್ಪತ್ರೆಯವರು ನನಗೆ ಕೊಟ್ಟಿದ್ದ ಕಫದ ಡಬ್ಬಿಗಳಲ್ಲಿ ಒಂದು ಹೊಸದು ಉಳಿದಿತ್ತು. ಅದನ್ನು ಹಿಡಿದು ಮೂರು ಮಹಡಿ ಇಳಿದು ಜಯಮ್ಮನ ಮನೆಯ ಬೆಲ್ ಒತ್ತಿದೆ. ಆಕೆ ಬಾಗಿಲು ತೆಗೆದಳು. ನಿದ್ದೆ ಮಾಡಿದ ಮುಖವಲ್ಲ. ನಾನು ಡಬ್ಬಿಯನ್ನು ಹೊಸಿಲ ಮೇಲಿಟ್ಟು ದೂರ ಸರಿದು ನಿಂತೆ. ಬಹಳ ಹೊತ್ತು ನೋಡಿ, ಬಗ್ಗಿ ಎತ್ತಿಕೊಂಡಳು. "ಇದ್ರಲ್ಲಿ ಉಗುಳೋದಾ?" ಎಂದಳು. "ಉಗುಳಲ್ರಿ, ಕಫಾ. ಬಾಯಿ ಮುಕ್ಕಳಿಸ್ರಿ, ಮ್ಯಾಲ ತಾರಸಿಗಿ ಬರ್ರಿ" ಎಂದೆ. ಮಗಳು ಏಳುವ ಮೊದಲು ಇಬ್ಬರೂ ಮೇಲೆ ಹೋದೆವು. ಆಕೆ ಟ್ಯಾಂಕಿನ ಆ ಕಡೆ, ನಾನು ಗಾಳಿ ಬರುವ ಈ ಕಡೆ. ಉಸಿರು ಒಳಗೆ ಎಳೆದು ಹಿಡಿಯುವುದು ಹೇಗೆ, ಗಂಟಲಿನಿಂದಲ್ಲದೆ ಹೊಟ್ಟೆಯ ಬುಡದಿಂದ ಕೆಮ್ಮುವುದು ಹೇಗೆ ಎಂದು, ಕೆಮ್ಮಿ ತೋರಿಸಿದೆ. ಆಕೆ ನೋಡಿ ಕೆಮ್ಮಿದಳು. ಬರಿ ಎಂಜಲು ಬಂತು. "ಇದಲ್ಲ, ಇನ್ನೊಮ್ಮಿ" ಎಂದೆ.